ಎಣಿಕೆಯ ಘಟಕ ಯಾವುದು? ಎಕ್ಸ್‌ಎಂಎಲ್ ದತ್ತಸಂಚಯಗಳಲ್ಲಿ ಜಾನಪದ ಪಠ್ಯಗಳ ಫ್ಯಾಸೆಟ್ ಸಂಖ್ಯೆಗಳು

ಜಾನಪದ ಪಠ್ಯಗಳನ್ನು ಗಣಕದಲ್ಲಿ ಸಂಗ್ರಹಿಸಿಟ್ಟು, ಶೋಧಿಸಿ, ದೊರೆತ ಸಂಖ್ಯೆಗಳನ್ನು ಸಂಶೋಧನೆಯ ಆಧಾರವಾಗಿ ಬಳಸುವ ಕ್ರಮ ನಮ್ಮಲ್ಲಿಯೂ ಬೆಳೆಯುತ್ತಿದೆ. ಒಂದು ಆಶಯ ಇಂಥ ಜಿಲ್ಲೆಯ ಇಷ್ಟು ಪಾಠಗಳಲ್ಲಿದೆ ಎಂದು ಬರೆದ ಕೂಡಲೇ ಓದುಗರು ಅದನ್ನು ಒಪ್ಪಿಕೊಳ್ಳುತ್ತಾರೆ. ಆ ಎಣಿಕೆ ಹೇಗೆ ನಡೆಯಿತೆಂದು ಕೇಳುವವರು ವಿರಳ. ಪ್ರಸ್ತುತ ಲೇಖನ ಆ ಪ್ರಶ್ನೆಯನ್ನು ಪರಿಶೀಲಿಸುತ್ತದೆ.

ಶೋಧದ ಫಲಿತಾಂಶದ ಪಕ್ಕದಲ್ಲಿ ಜಿಲ್ಲೆ, ಪ್ರಕಾರ, ಹಾಡುಗಾರರು, ಸಂಗ್ರಹದ ವರ್ಷ ಎಂಬ ಶೀರ್ಷಿಕೆಗಳೂ ಅವುಗಳ ಕೆಳಗಿನ ಪ್ರತಿಯೊಂದು ಹೆಸರಿನ ಮುಂದೆ ಒಂದು ಸಂಖ್ಯೆಯೂ ಕಾಣಿಸುತ್ತವೆ. ಇವಕ್ಕೆ ಫ್ಯಾಸೆಟ್, ಎಂದರೆ ಮುಖ, ಎಂದು ಹೆಸರು. ಈ ಪರಿಕಲ್ಪನೆಯನ್ನು ಗ್ರಂಥಾಲಯ ವಿಜ್ಞಾನದಲ್ಲಿ ನೆಲೆಗೊಳಿಸಿದವರು ಎಸ್.ಆರ್. ರಂಗನಾಥನ್. ಅವರ ಕೋಲನ್ ವರ್ಗೀಕರಣ 1933ರಲ್ಲಿ ಪ್ರಕಟವಾಯಿತು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಆರಂಭಿಸಿದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರದ ಮೂಲಕ ಆ ಚಿಂತನೆ ನಮ್ಮ ನೆಲದಲ್ಲಿಯೇ ಮುಂದುವರಿಯಿತು. ರಂಗನಾಥನ್ ಅವರಲ್ಲಿ ಮುಖವು ವಿಷಯವನ್ನು ವಿಶ್ಲೇಷಿಸುವ ಸಾಧನ. ಗಣಕವು ಅದರ ಪಕ್ಕದಲ್ಲಿ ಸಂಖ್ಯೆಯನ್ನು ಇರಿಸಿತು. ಸಂಖ್ಯೆ ಬಂದೊಡನೆ ವಿವರಣೆಯಾಗಿದ್ದುದು ಪುರಾವೆಯ ಸ್ಥಾನವನ್ನು ಪಡೆಯಿತು. ಸಮಸ್ಯೆಯ ಮೂಲ ಇಲ್ಲಿದೆ.

1. ಘಟಕದ ಪ್ರಶ್ನೆ

1998ರಲ್ಲಿ ಮಾನಕವಾಗಿ ಅಂಗೀಕೃತವಾದ ಎಕ್ಸ್‌ಎಂಎಲ್ ಕೋಷ್ಟಕದಂತಲ್ಲ. ಅದರಲ್ಲಿ ಒಂದು ಅಂಶದೊಳಗೆ ಇನ್ನೊಂದು ಅಂಶ ಅಡಕವಾಗಿರುತ್ತದೆ. ಕಾವ್ಯದೊಳಗೆ ಸಾಲು, ಸಾಲಿನೊಳಗೆ ಪದ್ಯಭಾಗ ಮತ್ತು ಗದ್ಯಭಾಗ ಎಂದು ಗುರುತಿಸಲು ಬರುವುದರಿಂದಲೇ ಮೌಖಿಕ ಮಹಾಕಾವ್ಯಗಳಿಗೆ ಅದು ಒಗ್ಗುತ್ತದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವಾಗಲಿ, ಕಂಸಾಳೆಯವರು ಹಾಡುವ ಮಲೆಮಾದೇಶ್ವರ ಕಾವ್ಯವಾಗಲಿ ಸಾಲುಗಳಾಗಿಯೇ ಪ್ರದರ್ಶನಗೊಳ್ಳುತ್ತವೆ. ಆದರೆ ಎಣಿಸುವಾಗ 'ಒಂದು' ಎಂದರೆ ಯಾವುದು?

ಒಂದು ಸಂಗ್ರಹದಲ್ಲಿ 30 ಬಿಡಿ ಕಥನಗೀತೆಗಳೂ 10 ಸಾಲುಗಳುಳ್ಳ ಒಂದು ಮಹಾಕಾವ್ಯವೂ ಇವೆ ಎಂದು ಭಾವಿಸೋಣ. ಕಡತವನ್ನು ಘಟಕವಾಗಿ ಹಿಡಿದರೆ ಎಣಿಕೆ 31. ಸಾಲನ್ನು ಘಟಕವಾಗಿ ಹಿಡಿದರೆ 40. ಕಾವ್ಯವನ್ನೂ ಅದರ ಸಾಲುಗಳನ್ನೂ ಪ್ರತ್ಯೇಕವಾಗಿ ಸೂಚೀಕರಿಸಿದ್ದರೆ 41. ಮೂರೂ ತಮ್ಮ ತಮ್ಮ ಪ್ರಶ್ನೆಗೆ ಸರಿಯಾದ ಉತ್ತರಗಳೇ. ಆದರೆ ಆ ಕಾವ್ಯ ಚಾಮರಾಜನಗರದ್ದಾಗಿದ್ದರೆ ಜಿಲ್ಲೆಯ ಮುಂದಿನ ಸಂಖ್ಯೆಗೆ ಅದರ ಕೊಡುಗೆ 1, 10 ಅಥವಾ 11 ಆಗಬಹುದು. ಮಾರ್ಕ್‌ಲಾಜಿಕ್‌ನಂಥ ದತ್ತಸಂಚಯದಲ್ಲಿ ಒಂದು ಮೌಲ್ಯ ಎಷ್ಟು ತುಣುಕುಗಳಲ್ಲಿದೆ ಎಂಬ ಎಣಿಕೆಯೂ ಒಟ್ಟು ಎಷ್ಟು ಬಾರಿ ಬಂದಿದೆ ಎಂಬ ಎಣಿಕೆಯೂ ಬೇರೆ ಬೇರೆ ಆಯ್ಕೆಗಳು. ಪರದೆಯ ಮೇಲೆ ಕಾಣುವುದು ಮಾತ್ರ ಒಂದೇ ಸಂಖ್ಯೆ.

ಇದಕ್ಕಿಂತ ಗಂಭೀರವಾದುದು ತಪ್ಪು ಸಂಯೋಗ. 20 ಹಾಡುಗಳ ಸಂಕಲನವೊಂದು ಒಂದೇ ಕಡತದಲ್ಲಿದೆ, ಅದರ ಬೀಸುವ ಪದಗಳನ್ನು ಹೆಂಗಸರೂ ಕಥನಗೀತೆಗಳನ್ನು ಗಂಡಸರೂ ಹಾಡಿದ್ದಾರೆ ಎಂದುಕೊಳ್ಳೋಣ. ಕಡತವೇ ಘಟಕವಾಗಿದ್ದರೆ 'ಹಾಡುಗಾರ್ತಿ' ಮತ್ತು 'ಕಥನಗೀತೆ' ಎಂಬ ಎರಡೂ ಷರತ್ತುಗಳನ್ನು ಅದು ಪೂರೈಸುತ್ತದೆ. ಹೆಣ್ಣು ಹಾಡಿದ ಕಥನಗೀತೆ ಒಂದೂ ಇಲ್ಲದ ಕಡೆ ಗಣಕ ಒಂದನ್ನು ತೋರಿಸುತ್ತದೆ. ಪ್ರತಿ ಹಾಡನ್ನೂ ಸ್ವತಂತ್ರ ಘಟಕವಾಗಿಸಿ, ಹಾಡುಗಾರರ ವಿವರವನ್ನು ಅದರೊಳಗೇ ಇರಿಸುವುದು ಇದಕ್ಕೆ ಒಂದು ನೇರವಾದ ಪರಿಹಾರ.

2. ಸೂಚಿಯ ಅಂದಾಜು, ಪಠ್ಯದ ಪರಿಶೀಲನೆ

ಇಂಥ ದತ್ತಸಂಚಯ ಎರಡು ಹಂತಗಳಲ್ಲಿ ಕೆಲಸ ಮಾಡಬಲ್ಲದು. ಮೊದಲು ಸೂಚಿಯನ್ನು ನೋಡಿ ಅಭ್ಯರ್ಥಿ ಪಠ್ಯಗಳನ್ನು ಆಯ್ದುಕೊಳ್ಳುತ್ತದೆ. ಅನಂತರ ಪ್ರತಿಯೊಂದನ್ನೂ ತೆರೆದು ಷರತ್ತು ಪೂರೈಸಿದೆಯೇ ಎಂದು ಪರೀಕ್ಷಿಸುತ್ತದೆ. 'ಸಂಕಮ್ಮನ ಸಾಲು' ಎಂಬ ಪದಗುಚ್ಛವನ್ನು ಹುಡುಕಿದಾಗ, ಸೂಚಿಯಲ್ಲಿ ಪದಗಳ ಸ್ಥಾನವಾಗಲಿ ಪದಗುಚ್ಛವಾಗಲಿ ದಾಖಲಾಗಿರದಿದ್ದರೆ, ಎರಡೂ ಪದಗಳು ಎಲ್ಲಿಯಾದರೂ ಇರುವ ಪಠ್ಯಗಳೆಲ್ಲ ಮೊದಲ ಹಂತದಲ್ಲಿ ಸೇರಿಬಿಡುತ್ತವೆ. ಪಟ್ಟಿಯಲ್ಲಿ ಕಾಣುವುದು ಪರೀಕ್ಷೆಯ ನಂತರ ಉಳಿದವು. ಫ್ಯಾಸೆಟ್ ಸಂಖ್ಯೆಯಾದರೋ ವೇಗದ ಕಾರಣಕ್ಕಾಗಿ ಸಾಮಾನ್ಯವಾಗಿ ಸೂಚಿಯಿಂದಲೇ ಬರುತ್ತದೆ. ಪಕ್ಕದಲ್ಲಿ 14 ಎಂದಿದ್ದು ಪಟ್ಟಿಯಲ್ಲಿ 9 ಪಾಠಗಳು ಮಾತ್ರ ದೊರೆತರೆ ಅದಕ್ಕೆ ಇದು ಕಾರಣವಾಗಿರಬಹುದು.

ಪ್ರಶ್ನೆಯನ್ನು ಸೂಚಿಯೇ ಸಂಪೂರ್ಣವಾಗಿ ಬಗೆಹರಿಸುವಂತೆ ಸೂಚೀಕರಣವನ್ನು ರೂಪಿಸಬೇಕು. ಇಲ್ಲವೇ ಪ್ರತಿ ಪಠ್ಯವನ್ನೂ ತೆರೆದು ಎಣಿಸಬೇಕು. ಎರಡನೆಯ ಕ್ರಮ ನಿಧಾನ ಎಂಬ ಆಕ್ಷೇಪವಿದೆ. ವಾಣಿಜ್ಯ ಸಂಸ್ಥೆಗಳ ಕೋಟ್ಯಂತರ ದಾಖಲೆಗಳಿಗೆ ಆ ಆಕ್ಷೇಪ ಸರಿ. ಕೆಲವು ಸಾವಿರ ಪಾಠಗಳ ಜಾನಪದ ಸಂಗ್ರಹಕ್ಕೆ ಅದು ಸಲ್ಲದು. ಕ್ಷೇತ್ರಕಾರ್ಯದಲ್ಲಿ ಒಂದು ಹಾಡಿಗಾಗಿ ಇಡೀ ರಾತ್ರಿ ಕಾಯುವ ನಾವು ಒಂದು ಸರಿಯಾದ ಸಂಖ್ಯೆಗಾಗಿ ಕೆಲವು ಕ್ಷಣ ಕಾಯಲಾರೆವೇ?

3. ಹೆಸರು ಮತ್ತು ಮೌನ

ಮೂರನೆಯ ದೋಷ ಯಂತ್ರದ್ದಲ್ಲ, ನಮ್ಮದು. ಕೊಳ್ಳೇಗಾಲ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅನಂತರ ಮೈಸೂರು ಜಿಲ್ಲೆಗೆ ಸೇರಿತು. 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಸಂಗ್ರಹದ ಕಾಲದ ಜಿಲ್ಲೆಯನ್ನಷ್ಟೇ ದಾಖಲಿಸಿದರೆ ಒಂದೇ ಊರಿನ ಪರಂಪರೆ ಮೂರು ಕಡೆ ಹಂಚಿಹೋಗುತ್ತದೆ. ಸಾಲದೆಂಬಂತೆ 'ಕೊಳ್ಳೇಗಾಲ' ಎಂಬ ಪದದ 'ಕೊ', 'ಳ್ಳೇ' ಅಕ್ಷರಗಳ ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಏಕರೂಪಗೊಳಿಸದಿದ್ದರೆ ಗಣಕಕ್ಕೆ ಅವು ಬೇರೆ ಬೇರೆ ಊರುಗಳು.

ಇನ್ನೊಂದು ಮೌನವಿದೆ. ಅಂಶವೇ ಇಲ್ಲದ ದಾಖಲೆ ಆ ಫ್ಯಾಸೆಟ್‌ನ ಯಾವ ಹೆಸರಿನ ಮುಂದೆಯೂ ಎಣಿಕೆಯಾಗುವುದಿಲ್ಲ. ಹಾಡಿದವರ ಹೆಸರನ್ನು ಬರೆದುಕೊಳ್ಳದ ಹಳೆಯ ಸಂಗ್ರಹಗಳು ನಮ್ಮಲ್ಲಿವೆ. ಬೀಸುವಾಗ, ಕುಟ್ಟುವಾಗ, ಸೋಬಾನೆಯಲ್ಲಿ ಹಾಡಿದ ಹೆಂಗಸರ ಹೆಸರುಗಳು ಹೀಗೆ ಬಿಟ್ಟುಹೋಗಿವೆ. 'ಹಾಡುಗಾರರು' ಎಂಬ ಫ್ಯಾಸೆಟ್ ನೋಡಿ ಹೆಣ್ಣುಮಕ್ಕಳ ಪರಂಪರೆ ಕ್ಷೀಣವಾಗಿತ್ತು ಎಂದು ತೀರ್ಮಾನಿಸಿದರೆ, ಅಂದು ಹೆಸರು ಬರೆಯದ ಅಲಕ್ಷ್ಯಕ್ಕೆ ಇಂದು ನಾವು ಸಂಖ್ಯೆಯ ಮುದ್ರೆ ಒತ್ತಿದಂತಾಗುತ್ತದೆ. ಆದ್ದರಿಂದ 'ಹೆಸರು ದಾಖಲಾಗಿಲ್ಲ' ಎಂಬುದೂ ಒಂದು ಮೌಲ್ಯವಾಗಿ, ತನ್ನ ಸಂಖ್ಯೆಯೊಡನೆ ಪರದೆಯ ಮೇಲೆ ಕಾಣಬೇಕು.

4. ಉಪಸಂಹಾರ

ಪಾಠಾಂತರಗಳ ಸಂಖ್ಯೆ ಮತ್ತು ಹರಹುಗಳಿಂದ ಕಥೆಯ ಮೂಲವನ್ನು ಊಹಿಸುವ ಕ್ರಮ ನಮಗೆ ಹೊಸದಲ್ಲ. ಕಾರ್ಲೆ ಕ್ರೋನ್ ಮೊದಲಾದವರ ಫಿನ್ನಿಶ್ ಪಂಥ ಮಾಡಿದ್ದು ಅದನ್ನೇ. ಸಂಗ್ರಾಹಕರು ಹೋದ ಕಡೆ ಪಾಠಗಳು ಹೆಚ್ಚು, ಹೋಗದ ಕಡೆ ಕಡಿಮೆ ಎಂಬ ಆಕ್ಷೇಪವನ್ನು ಆ ಪಂಥ ಎದುರಿಸಬೇಕಾಯಿತು. ಫ್ಯಾಸೆಟ್ ಸಂಖ್ಯೆಯನ್ನು ಪ್ರಶ್ನಿಸದೆ ಉದ್ಧರಿಸುವವರು ಆ ವಿಧಾನವನ್ನು, ಅದರ ಎಚ್ಚರಗಳಿಲ್ಲದೆ, ಅರಿಯದೆಯೇ ಮರಳಿ ತರುತ್ತಿದ್ದಾರೆ.

ಸಂಖ್ಯೆಗಳನ್ನು ಕೈಬಿಡಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಪಾಠವನ್ನು ಉದ್ಧರಿಸುವಾಗ ಹಾಡಿದವರು, ಊರು, ದಿನಾಂಕಗಳನ್ನು ಹೇಗೆ ಕೊಡುತ್ತೇವೆಯೋ ಹಾಗೆಯೇ ಸಂಖ್ಯೆಯನ್ನು ಉದ್ಧರಿಸುವಾಗ ಎಣಿಕೆಯ ಘಟಕ, ಕೇಳಿದ ಪ್ರಶ್ನೆ, ಶೋಧಿಸಿದ ದಿನಾಂಕ, ಸಂಖ್ಯೆ ಬಂದದ್ದು ಸೂಚಿಯಿಂದಲೋ ಪಠ್ಯಗಳ ಪರಿಶೀಲನೆಯಿಂದಲೋ ಎಂಬ ವಿವರ, ಎಣಿಕೆಯಿಂದ ಹೊರಗುಳಿದ ದಾಖಲೆಗಳ ಪ್ರಮಾಣ, ಇಷ್ಟನ್ನು ಕೊಡಬೇಕು. ಸಂಗ್ರಹಗಳನ್ನು ಗಣಕೀಕರಿಸುವ ಸಂಸ್ಥೆಗಳೂ ಗ್ರಂಥಾಲಯಗಳೂ ತಮ್ಮ ಘಟಕ ಯಾವುದೆಂದು ಮೊದಲ ಪುಟದಲ್ಲಿಯೇ ಘೋಷಿಸಬೇಕು. ಆಗ ಮಾತ್ರ ಒಬ್ಬರ ಎಣಿಕೆಯನ್ನು ಇನ್ನೊಬ್ಬರು ಪರೀಕ್ಷಿಸುವುದು ಸಾಧ್ಯವಾಗುತ್ತದೆ. ಪರೀಕ್ಷೆಗೆ ಒಳಪಡದ ಸಂಖ್ಯೆ ಸಂಶೋಧನೆಯ ಆಧಾರವಾಗಲಾರದು.