ಮಟ್ಟಿಯ ಮೇಲಣ ಇನಾಮು

ಹಬ್ಬದ ಆಟಕ್ಕೆ ಹಣ ಯಾರದೆಂದು ವಿಚಾರಿಸುವುದು ರಸಿಕನಿಗೆ ಸಲ್ಲದ ಕುತೂಹಲವೆಂದು ಭಾವಿಸುವವರುಂಟು. ಆದರೆ ಅಖಾಡದ ಅಂಚಿನಲ್ಲಿ ಕುಳಿತು ಬೆಳೆದ ನಮ್ಮಂಥವರಿಗೆ ಆ ಪ್ರಶ್ನೆ ಎಂದೂ ಮುಜುಗರ ತಂದದ್ದಿಲ್ಲ, ಏಕೆಂದರೆ ನಾಡಕುಸ್ತಿಯಲ್ಲಿ ಹಣವು ಮರೆಯಲ್ಲಿ ಕುಳಿತುಕೊಂಡದ್ದೇ ಇಲ್ಲ. ಎದುರಾಳಿಯ ಬೆನ್ನು ಮಟ್ಟಿಗೆ ತಾಗಿ ಅವನು ಚಿತ್ತಾದೊಡನೆಯೇ, ಮೈಯೆಲ್ಲ ಕೆಮ್ಮಣ್ಣಾದ ಗೆದ್ದ ಪೈಲ್ವಾನನು ನೆರೆದವರ ಮುಂದೆ ಒಂದು ಸುತ್ತು ಬರುವನು. ಮನಸ್ಸು ಬಂದವರು ಅವನ ಬೆವರುಗೈಗೆ ನೋಟು ತುರುಕುವರು. ಕೊಟ್ಟವರಾರು, ಕೊಟ್ಟದ್ದೆಷ್ಟು ಎಂಬುದು ಮರದ ಮೇಲೆ ಹತ್ತಿ ಕುಳಿತ ಹುಡುಗನಿಗೂ ಕಾಣುತ್ತಿತ್ತು.

ಇದಕ್ಕೆ ರಾಜವಂಶದ ಹಿನ್ನೆಲೆಯೂ ಉಂಟು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ಪರಂಪರೆಯಲ್ಲಿ, 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ಮಲ್ಲರೆಂದು ಖ್ಯಾತರು. ತಮ್ಮ ಹೆಸರಿನ ಚಿನ್ನದ ನಾಣ್ಯವನ್ನು, ಕಂಠೀರಾಯಿ ಹಣವನ್ನು, ಟಂಕಿಸಿದವರೂ ಅವರೇ. ಮಲ್ಲವಿದ್ಯೆಯೂ ಟಂಕಸಾಲೆಯೂ ಒಬ್ಬನೇ ಅರಸನಲ್ಲಿ ಸಂಗಮಿಸಿದ ಈ ಯೋಗವನ್ನು ನಮ್ಮ ಇತಿಹಾಸಕಾರರು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟಿರುವುದು ನನಗೆ ಸ್ವಲ್ಪ ಅರಸಿಕತೆಯೆಂದೇ ತೋರುತ್ತದೆ. 1971ರಲ್ಲಿ ರಾಜಧನ ರದ್ದಾದ ಮೇಲೆ ದಸರೆಯ ಭಾರ ಸರ್ಕಾರದ ಹೆಗಲೇರಿತು. ಇಂದು ಮೈಸೂರಿನ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ‘ದಸರಾ ಕಂಠೀರವ’ ಮೊದಲಾದ ಬಿರುದುಗಳಿಗೆ ಸೆಣಸಾಟ ನಡೆಯುತ್ತದೆ. ನಮ್ಮ ಸೀಮೆಗೆ ಈ ಉತ್ಸವದೊಡನೆ ಇದ್ದ ಸಂಬಂಧವು ವಿಚಿತ್ರವಾದದ್ದು: 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರಿನವನಿಗೆ ಅದು ತನ್ನ ದೊರೆಯ ಹಬ್ಬ, ನೆರೆಯ ಕೊಳ್ಳೇಗಾಲದವನಾದರೋ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯ ಪ್ರಜೆ, ಪರರಾಜ್ಯದ ಅಖಾಡಕ್ಕೆ ಹೋಗುವ ಅತಿಥಿ.

ಹನೂರು, ಪಾಲಾರ್ ಕಡೆಯ ಮಕ್ಕಳಿಗೆ ದಸರೆಗಿಂತ ದೊಡ್ಡದು ದೀಪಾವಳಿಯಲ್ಲಿ ಮಲೆ ಮಹದೇಶ್ವರನ ಬೆಟ್ಟದ ಜಾತ್ರೆ. ಹಾಲರವಿ, ತೇರು ಇವುಗಳ ಪುಣ್ಯವನ್ನು ಹಿರಿಯರು ಸಂಪಾದಿಸುತ್ತಿರಲು ನಮ್ಮ ಭಕ್ತಿಯೆಲ್ಲ ಆಟಿಕೆಯ ಅಂಗಡಿಗಳ ಸಾಲಿನಲ್ಲಿಯೇ ನೆಲೆಗೊಂಡಿತ್ತು. ಹಾಲೆ ಮರವನ್ನು ಚರಕಿಗೆ ಕೊಟ್ಟು, ತಿರುಗುವ ಮರದ ಮೇಲೆಯೇ ಬಣ್ಣದ ಅರಗನ್ನು ಒತ್ತಿ ಹೊಳಪೇರಿಸಿದ ಚನ್ನಪಟ್ಟಣದ ಬೊಂಬೆಗಳು ಮೇಲಿನ ಹಲಗೆಯಲ್ಲಿ, ನಮ್ಮ ಕಾಸಿಗೆ ನಿಲುಕದಂತೆ ಇರುತ್ತಿದ್ದವು. ಕೆಳಗೆ, ಗೋಣಿಯ ಮೇಲೆ, ನಮ್ಮ ಪಾಲಿನ ತಮಟೆಗಾಡಿ: ಸುಟ್ಟ ಮಣ್ಣಿನ ಎರಡು ಗಾಲಿ, ಕಾಗದ ಬಿಗಿದ ಅಂಗೈಯಗಲದ ಒಂದು ತಮಟೆ, ಅದರ ಮೇಲೆ ಎರಡು ಬಿದಿರುಕಡ್ಡಿ. ದಾರ ಹಿಡಿದು ಎಳೆದರೆ ಅಚ್ಚಿಗೆ ಸಿಕ್ಕಿಸಿದ ಮೊಳೆ ಕಡ್ಡಿಗಳನ್ನು ಎತ್ತಿ ಎತ್ತಿ ಬಿಡುವುದು, ತಮಟೆ ಟರಟರನೆ ಬಡಿದುಕೊಳ್ಳುವುದು. ಅದು ಬಾಳಿಕೆಯ ವಸ್ತುವೆಂದು ನಾನು ಸುಳ್ಳು ಹೇಳಲಾರೆ. ತಾಳಬೆಟ್ಟಕ್ಕೆ ಇಳಿಯುವಷ್ಟರಲ್ಲಿ ಕಾಗದ ಹರಿಯುತ್ತಿತ್ತು, ಗಾಲಿ ಬಿರಿಯುತ್ತಿತ್ತು, ಮಾರಿದವನಿಗೂ ಅದು ಮೊದಲೇ ತಿಳಿದಿತ್ತು. ಬಾಲ್ಯದ ಆಟಿಕೆಗಳನ್ನು ನಿಷ್ಕಾಮ ಕರ್ಮದ ಫಲವೆಂಬಂತೆ ವರ್ಣಿಸುವ ಗೆಳೆಯರೊಡನೆ ನನಗೆ ಜಗಳವಿರುವುದು ಇಲ್ಲಿಯೇ. ಅದೂ ವ್ಯಾಪಾರವೇ. ಆದರೆ ರೇಷ್ಮೆಗೂಡು ಮಾರಿದ ದುಡ್ಡು ಅಜ್ಜಿಯ ಸೆರಗಿನ ಗಂಟಿಗೆ ಬಂದು, ಆ ಗಂಟಿನಿಂದ ಗೋಣಿಯವನ ಕೈಗೆ ಹೋದ ದಾರಿಯು ಪೂರ್ತಿಯಾಗಿ ನಮ್ಮ ಕಣ್ಣಿಗೆ ಕಾಣುತ್ತಿತ್ತು. ಮಾರ್ಟಳ್ಳಿಯ ಕಡೆ ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುವ ಮನೆಗಳ ಮಕ್ಕಳಿಗೂ ಹಬ್ಬದ ಲೆಕ್ಕಾಚಾರ ಬೇರೆಯಾಗಿರಲಿಲ್ಲ.

ಅಮೆರಿಕದಲ್ಲಿ ಹಣದ ಈ ದಾರಿಯನ್ನು ಬಹುಕಾಲ ಮುಚ್ಚಿಯೇ ಇಟ್ಟಿದ್ದರು. ಅಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ರಜೆಯಲ್ಲಿ ಕಾಲೇಜು ತಂಡಗಳ ಫುಟ್‌ಬಾಲ್ ನೋಡುವುದು (ಚೆಂಡನ್ನು ಕಾಲಿಗಿಂತ ಕೈಯಲ್ಲಿಯೇ ಹೆಚ್ಚಾಗಿ ಹೊರುವ ಆಟವದು) ಮನೆಮನೆಯ ಆಚಾರ. 1902ರ ಜನವರಿ 1ರಂದು ಪ್ಯಾಸಡೀನಾದ ಗುಲಾಬಿ ಉತ್ಸವದವರು ತಮ್ಮ ಮೆರವಣಿಗೆಯ ಖರ್ಚು ಹುಟ್ಟಿಸಲೆಂದು ಏರ್ಪಡಿಸಿದ ಪಂದ್ಯದಲ್ಲಿ ಮಿಶಿಗನ್ ತಂಡ ಸ್ಟ್ಯಾನ್‌ಫರ್ಡನ್ನು 49–0 ಅಂತರದಿಂದ ಮಣಿಸಿತು. ಆ ಏಕಪಕ್ಷೀಯತೆಗೆ ಬೇಸತ್ತವರು 1916ರವರೆಗೆ ಫುಟ್‌ಬಾಲನ್ನು ಬಿಟ್ಟು, ನಡುವೆ ರಥದ ಓಟವನ್ನೂ ಆಡಿಸಿ ನೋಡಿದರು. ಈಗ ಅಂಥ ರಜಾಪಂದ್ಯಗಳಿಗೆ ವಾಣಿಜ್ಯ ಸಂಸ್ಥೆಗಳ ಹೆಸರು. ಪಾಪ್-ಟಾರ್ಟ್ಸ್ ಎಂಬ ತಿಂಡಿಯ ಹೆಸರಿನ ಪಂದ್ಯದಲ್ಲಿ ಗೆದ್ದ ತಂಡವು ತಿಂಡಿಯ ರೂಪದ ಲಾಂಛನವನ್ನೇ ಮುರಿದು ತಿನ್ನುತ್ತದೆ. ಚಾಂಪಿಯನ್‌ಶಿಪ್ ಪಂದ್ಯಗಳ ಪ್ರಸಾರದ ಹಕ್ಕಿಗೆ ಇಎಸ್‌ಪಿಎನ್ 2024ರಲ್ಲಿ ಒಪ್ಪಿದ್ದು 6 ವರ್ಷಕ್ಕೆ ಸುಮಾರು 780 ಕೋಟಿ ಡಾಲರು. ಇಂಥ ಹಣದ ನಡುವೆ ಆಡುವ ಹುಡುಗನು ಮಾತ್ರ ಬಹುಕಾಲ ವಿದ್ಯಾರ್ಥಿ, ಹವ್ಯಾಸಿ, ಹಣ ಮುಟ್ಟಿದರೆ ಮೈಲಿಗೆಯಾಗುವವನಾಗಿದ್ದನು! 2021ರಲ್ಲಿ ಅವನಿಗೆ ತನ್ನ ಹೆಸರು, ಮುಖಗಳ ಜಾಹೀರಾತಿನಿಂದ ಗಳಿಸುವ ಅವಕಾಶ ದೊರೆಯಿತು. ಒಂದೊಂದು ಕಾಲೇಜೂ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರಿನ ಮಿತಿಯೊಳಗೆ ಆಟಗಾರರಿಗೆ ನೇರವಾಗಿ ಹಂಚಬಹುದೆಂಬ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿದ್ದದ್ದು 2025ರ ಜೂನ್ ತಿಂಗಳಿನಲ್ಲಿ. ಇದರಿಂದ ಹಬ್ಬದ ಆಟ ಕೆಟ್ಟಿತೆಂದು ಅಲ್ಲಿನ ಹಿರಿಯರು ಹಲುಬುತ್ತಿರುವುದನ್ನು ಓದುವಾಗ, ನೋಟನ್ನು ತಲೆಗೆ ಒತ್ತಿಕೊಂಡು ಅಖಾಡಕ್ಕೆ ನಮಸ್ಕರಿಸುವ ನಮ್ಮ ಪೈಲ್ವಾನರನ್ನು ನೆನೆದು ನನಗೆ ನಗು ಬರುತ್ತದೆ.

ನಮ್ಮಲ್ಲಿ ಈಗ ಅಖಾಡಕ್ಕಿಂತ ಹೊನಲು ಬೆಳಕಿನ ಕಬಡ್ಡಿಯೇ ಹೆಚ್ಚು; ಫ್ಲೆಕ್ಸಿನ ಮೇಲೆ ಆಟಗಾರರಿಗಿಂತ ಪ್ರಾಯೋಜಕರ ಮುಖಗಳೇ ದೊಡ್ಡವು. ಮುಖ ತೋರಿಸಿ ಕೊಡುವವರ ಬಗ್ಗೆ ನನಗೆ ತಕರಾರಿಲ್ಲ. ಆದರೂ ಅಖಾಡವನ್ನೇ ನೋಡಬಯಸಿ ಈ ದಸರೆಗೆ ಮೈಸೂರಿಗೆ ಹೋಗುವ ಓದುಗರು ಬಿರುದಿನ ಕುಸ್ತಿಯೊಂದನ್ನೇ ನೋಡಿ ಹಿಂದಿರುಗದೆ, ಅದಕ್ಕೂ ಮುಂಚೆ ಜೋಡಿ ಕಟ್ಟುವ ದಿನವೇ ಹೋಗುವುದು ಲೇಸು. ಉಸ್ತಾದರು ಹುಡುಗರ ಭುಜ ತಟ್ಟಿ, ತೂಕ ವಯಸ್ಸುಗಳನ್ನು ಕೂಗಿ ವಾದಿಸಿ, ಕೊನೆಗೆ ಇಬ್ಬರ ಕೈ ಸೇರಿಸುವ ಆ ಗದ್ದಲದಲ್ಲಿ, ಯಾವ ಜೋಡಿ ಸಮಬಲದಲ್ಲಿ ಮುಗಿಯುವುದು, ಯಾವುದು ಚಿತ್ತಿನವರೆಗೆ ಹೋಗುವುದೆಂದು ಅರ್ಧಕ್ಕರ್ಧ ಅಲ್ಲಿಯೇ ಗೊತ್ತಾಗುತ್ತದೆ.