ಇಳಕಲ್ ಸೀರೆ: ಹೆಸರು ಮತ್ತು ಕರ್ತೃತ್ವ

ಕಾವ್ಯವೊಂದರ ಕರ್ತೃವನ್ನು ನಿರ್ಣಯಿಸುವಾಗ ನಾವು ಅಂಕಿತ, ಶೈಲಿ, ಪಾಠಾಂತರಗಳನ್ನೆಲ್ಲ ಶೋಧಿಸುತ್ತೇವೆ. ಬಾದಾಮಿಯ ಸನಿಹದ ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿಯ ದೇಗುಲವನ್ನು ನಿರ್ಮಿಸಿದ ಗುಂಡ ಅನಿವಾರಿತಾಚಾರಿಯ ಹೆಸರು ಎಂಟನೆಯ ಶತಮಾನದ ಶಾಸನದಲ್ಲಿ ದೊರೆತುದಕ್ಕೆ ಹಿಗ್ಗುತ್ತೇವೆ. ಅದೇ ಸೀಮೆಯ ಸೀರೆಯ ಮಾತು ಬಂದಾಗ ಮಾತ್ರ ‘ಇಳಕಲ್’ ಎಂಬ ಊರ ಹೆಸರನ್ನೇ ಕರ್ತೃವಿನ ಅಂಕಿತವೆಂದು ಒಪ್ಪಿಬಿಡುತ್ತೇವೆ. ಈ ಔದಾಸೀನ್ಯವು ವಿದ್ವತ್ತಿಗೆ ಶೋಭಿಸುವುದಿಲ್ಲವೆಂದು ನಮ್ಮ ಅಭಿಮತ.

ಹೆಸರು ಇಳಕಲ್ಲಿನದಾದರೂ ನೇಯ್ಗೆಯು ಆ ಊರಿಗೇ ಸೀಮಿತವಾದುದಲ್ಲ. ಹುನಗುಂದ ಸೀಮೆಯ ಕಮತಗಿ, ಸೂಳೇಭಾವಿಗಳಲ್ಲಿಯೂ, ಬಾದಾಮಿಯ ಕಡೆಯ ಗುಳೇದಗುಡ್ಡದಲ್ಲಿಯೂ, ಬಾಗಲಕೋಟೆ ಜಿಲ್ಲೆಯ ಗಡಿಯಾಚೆ ಕುಷ್ಟಗಿಯ ದೋಟಿಹಾಳದಲ್ಲಿಯೂ ಇದೇ ಸೀರೆಯನ್ನು ನೇಯುತ್ತ ಬಂದಿದ್ದಾರೆ. ಗುಳೇದಗುಡ್ಡದ ಸ್ಥಿತಿಯಂತೂ ವಿಚಿತ್ರವಾದುದು: ಅಲ್ಲಿಯ ಮಗ್ಗದಿಂದ ಕುಪ್ಪಸದ ಖಣ ಇಳಿದರೆ ಅದಕ್ಕೆ ಸ್ವಂತ ಊರಿನ ಹೆಸರು, ಸೀರೆ ಇಳಿದರೆ ನೆರೆಯೂರಿನ ಹೆಸರು! ನೂಲನ್ನು ಒದಗಿಸಿ ಮಜೂರಿ ಕೊಟ್ಟು ನೇಯಿಸಿಕೊಳ್ಳುವ ಸಾಹುಕಾರನು ಒಬ್ಬನಾದರೆ ನೇಯುವವನು ಮತ್ತೊಬ್ಬ; ಕಂಡಿಕೆ ಸುತ್ತುವ ಮನೆಯ ಹೆಂಗಸರು ಲೆಕ್ಕಕ್ಕೇ ಬರುವುದಿಲ್ಲ.

ಇಂಥದು ಅನ್ಯತ್ರವೂ ಉಂಟು. ಜಪಾನಿನ ‘ಇಬಾನೆಜ್’ ಗಿಟಾರುಗಳ ಹೆಸರು ಸ್ಪೇನ್ ದೇಶದ ವಾದ್ಯಶಿಲ್ಪಿ ಸಾಲ್ವಡೋರ್ ಇಬಾನೆಜ್‌ನದು. ಹೆಸರಿನ ಒಡೆತನ ನಗೋಯಾದ ಹೋಶಿನೊ ಗಕ್ಕಿ ಎಂಬ ವ್ಯಾಪಾರಿ ಸಂಸ್ಥೆಯದು. 1970ರ ದಶಕದಲ್ಲಿ ಅವುಗಳಲ್ಲಿ ಬಹುಪಾಲನ್ನು ತಯಾರಿಸಿದುದು ಮತ್ಸುಮೋಟೊದ ಫುಜಿಗೆನ್ ಕಾರ್ಖಾನೆ. ಅದೇ ಕಾರ್ಖಾನೆಯು ‘ಗ್ರೆಕೊ’ ಎಂಬ ಇನ್ನೊಂದು ಹೆಸರಿಗೂ ವಾದ್ಯಗಳನ್ನು ಮಾಡಿಕೊಟ್ಟಿತು. ಆದುದರಿಂದ ಹಳೆಯ ಗಿಟಾರನ್ನು ಪರೀಕ್ಷಿಸುವವರು ಮೇಲಿನ ಹೆಸರನ್ನು ನೆಚ್ಚದೆ ಅದರ ಜೋಡಣೆಯನ್ನೂ ಕ್ರಮಸಂಖ್ಯೆಯನ್ನೂ ನೋಡುತ್ತಾರೆ.

ಸೀರೆಗೂ ಅಂಥದೊಂದು ಆಂತರಿಕ ಪ್ರಮಾಣವಿದೆ, ಅದೇ ಕೊಂಡಿ. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಕೆಂಪು ರೇಷ್ಮೆಯ ಎಳೆಗಳಿಗೆ ಒಂದೊಂದಾಗಿ ಕುಣಿಕೆಯಿಂದ ಸೇರಿಸುವುದರಿಂದ ಪ್ರತಿಯೊಂದು ಸೀರೆಗೂ ಬೇರೆಯೇ ಹಾಸನ್ನು ಹೂಡಬೇಕಾಗುತ್ತದೆ. ಒಂದೇ ಉದ್ದನೆಯ ಹಾಸಿನಲ್ಲಿ ಸೀರೆಯ ಮೇಲೆ ಸೀರೆ ನೇಯ್ದು ಕತ್ತರಿಸಿದ ಬಟ್ಟೆಯಲ್ಲಿ ಟೋಪ ತೆನಿಯ ಚಿತ್ತಾರವಿದ್ದೀತು, ಕೊಂಡಿ ಇರದು.

1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಅಡಿಯಲ್ಲಿ ಇಳಕಲ್ ಸೀರೆಯ ಹೆಸರಿಗೆ ರಕ್ಷಣೆ ದೊರೆತಿರುವುದು ಸ್ತುತ್ಯವೇ ಸರಿ. ಆದರೆ ಆ ಕಾಯಿದೆಯ ವ್ಯಾಖ್ಯೆಯಲ್ಲಿ ಕರಕುಶಲ ವಸ್ತುವಿನ ‘ಉತ್ಪಾದಕ’ನೆಂದರೆ ಅದನ್ನು ತಯಾರಿಸುವವನು ಮಾತ್ರವಲ್ಲ, ಅದರ ವ್ಯಾಪಾರ ಮಾಡುವವನೂ ಹೌದು. ನೇಯ್ದವನೂ ಮಾರಿದವನೂ ಒಂದೇ ಪದದೊಳಗೆ ಅಡಗಿದಮೇಲೆ, ಹೆಸರಿನಿಂದ ಬಂದ ಬೆಲೆ ಯಾರ ಕೈ ಸೇರಿತೆಂಬುದನ್ನು ಆ ಪದವು ಹೇಳಲಾರದು.

ಗೋಮಿ, ಗಾಡಿ, ಪರಾಸಪೇಟ ಎಂದು ದಡಿಗಳನ್ನು ಪಟ್ಟಿಮಾಡಿ ತೃಪ್ತರಾಗುವ ನಮ್ಮ ವಿದ್ಯಾರ್ಥಿಗಳು ಇನ್ನುಮುಂದೆ ಸೀರೆಯನ್ನು ಮಗುಚಿ ಕೊಂಡಿಯನ್ನೂ ನೋಡಲಿ. ನೇಯ್ದ ಊರು, ನೇಯ್ದವರ ಹೆಸರು, ಅವರಿಗೆ ಸಂದ ಮಜೂರಿ ಇವನ್ನು ಅದೇ ಪುಟದಲ್ಲಿ ಬರೆದುಕೊಳ್ಳಲಿ.