ಮೂರು ಸಾಲಿನ ಆಡಿಯೋ ಕಡತ: ಒಂದು ವ್ಯಾಖ್ಯಾನ

ಡೆಬಿಯನ್‌ನಲ್ಲಿ ಜ್ಯಾಕ್ ಎಂಬ ಧ್ವನಿ ಸರ್ವರ್ ಹಾಕಿಕೊಳ್ಳುವಾಗ ನಡುವೆ ಒಂದು ಪ್ರಶ್ನೆ ಬರುತ್ತದೆ: ರಿಯಲ್‌ಟೈಮ್ ಆದ್ಯತೆ ಬೇಕೆ? ಹೌದೆಂದರೆ /ಇಟಿಸಿ/ಸೆಕ್ಯುರಿಟಿ/ಲಿಮಿಟ್ಸ್.ಡಿ ಒಳಗೆ ಆಡಿಯೋ.ಕಾನ್ಫ್ ಎಂಬ ಪುಟ್ಟ ಕಡತ ಬಂದು ಕೂರುತ್ತದೆ. ಮೇಲಿನ ಸೂಚನೆಗಳನ್ನು ಬಿಟ್ಟರೆ ಅದರಲ್ಲಿರುವುದು ಮೂರೇ ಸಾಲು. ಲಿನಕ್ಸ್‌ಗೆ ಗಿಟಾರನ್ನೋ ಕೀಬೋರ್ಡನ್ನೋ ಜೋಡಿಸಿ ನುಡಿಸುವವರು ಇವನ್ನು ಎಲ್ಲಿಂದಲೋ ತಂದು ಅಂಟಿಸಿರುತ್ತಾರೆ. ನಿಂತು ಓದಿದವರು ಕಡಿಮೆ. ಉಚ್ಚಾರಣೆಗೆ ತಕ್ಕಂತೆ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಕಡತದಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಬೇಕು.

@ಆಡಿಯೋ - ಆರ್‌ಟಿಪ್ರಿಯೋ 95

‘@’ ಎಂದರೆ ಮುಂದಿನದು ಗುಂಪಿನ ಹೆಸರು. ಅದು ಬಿಟ್ಟುಹೋದರೆ ಆಡಿಯೋ ಎಂಬ ಹೆಸರಿನ ಒಬ್ಬ ಬಳಕೆದಾರನನ್ನು ಹುಡುಕುತ್ತದೆ. ಸಿಗುವುದಿಲ್ಲ, ದೂರುವುದೂ ಇಲ್ಲ. ನಡುವಿನ ಅಡ್ಡಗೆರೆ ಬರೀ ಅಲಂಕಾರವಲ್ಲ. ಮಿತಿಯಲ್ಲಿ ಎರಡು ಬಗೆ: ಪ್ರೋಗ್ರಾಂ ಶುರುವಾಗುವಾಗ ಕೈಯಲ್ಲಿರುವುದು ಸಾಫ್ಟ್, ಅದು ತಾನೇ ಏರಿಸಿಕೊಳ್ಳಬಹುದಾದ ಗರಿಷ್ಠ ಹಾರ್ಡ್. ಗೆರೆ ಎಳೆದರೆ ಎರಡಕ್ಕೂ ಒಂದೇ ಅಂಕಿ.

ಆರ್‌ಟಿಪ್ರಿಯೋ ಈ ಕಡತದ ಜೀವ. ಹೆಚ್ಚಿನವರು 95 ಅನ್ನು ವೇಗ ಎಂದುಕೊಳ್ಳುತ್ತಾರೆ. ಇದರಿಂದ ಪ್ರೊಸೆಸರ್ ಒಂದಿಷ್ಟೂ ವೇಗವಾಗುವುದಿಲ್ಲ. ಸಿಗುವುದು ಕಾಯದಿರುವ ಹಕ್ಕು, ಅಂದರೆ ಉಳಿದವರನ್ನು ಕಾಯಿಸುವ ಹಕ್ಕು. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ 128 ಮಾದರಿಗಳ ಬಫರ್ ಇಟ್ಟರೆ ಅದು 2.67 ಮಿಲಿಸೆಕೆಂಡಿನಲ್ಲಿ ಬರಿದಾಗುತ್ತದೆ. ಊಟದ ಪಂಕ್ತಿಯಲ್ಲಿ ಹುಳಿ ಬಡಿಸುವವನು ಎಷ್ಟು ಚುರುಕೆಂಬುದು ಮುಖ್ಯವಲ್ಲ, ಎಲೆಯಲ್ಲಿ ಅನ್ನ ಮುಗಿಯುವ ಮೊದಲು ಬಂದನೇ ಎಂಬುದು ಮುಖ್ಯ. ಬರದಿದ್ದರೆ ‘ಚಟ್’ ಎಂಬ ಸದ್ದು. ಲಿನಕ್ಸ್‌ನಲ್ಲಿ ನುಡಿಸುವ ಮಂದಿ ಅದನ್ನು ಎಕ್ಸ್‌ರನ್ ಅನ್ನುತ್ತಾರೆ. ಸಾಮಾನ್ಯ ಸರದಿಯಲ್ಲಿ ಕರ್ನೆಲ್ ಎಲ್ಲರಿಗೂ ಪಾಲು ಹಂಚುತ್ತದೆ. ಆ ನ್ಯಾಯವೇ ಸಂಗೀತಕ್ಕೆ ಮುಳ್ಳು: ಬ್ರೌಸರ್‌ಗೆ ಕೊಟ್ಟ ನಾಲ್ಕು ಮಿಲಿಸೆಕೆಂಡಿನಲ್ಲಿ ಒಂದು ಬಫರ್ ಖಾಲಿ. ರಿಯಲ್‌ಟೈಮ್ ವರ್ಗಕ್ಕೆ ಸೇರಿದ ಕೆಲಸಕ್ಕೆ ಬ್ರೌಸರ್ ಎದ್ದು ಜಾಗ ಬಿಡಲೇಬೇಕು.

ಆ ವರ್ಗದ ಅಂಕಿಗಳು 1ರಿಂದ 99. 95 ಎಂಬುದು ಮೇಲ್ಮಿತಿ ಮಾತ್ರ. ಜ್ಯಾಕ್ ತಾನಾಗಿ ಕೇಳುವುದು 10. ತುತ್ತತುದಿಯನ್ನು ಕರ್ನೆಲ್‌ನ ಸ್ವಂತ ಕೆಲಸಗಳಿಗೆ ಬಿಟ್ಟಿರುವುದು ವಿವೇಕ. ಈ ಹಕ್ಕು ಪಡೆದ ಪ್ರೋಗ್ರಾಂ ಮುಗಿಯದ ಸುತ್ತಿಗೆ ಬಿದ್ದರೆ ಯಂತ್ರವೇ ಸ್ತಬ್ಧವಾಗಬಹುದಲ್ಲ? ಅದಕ್ಕೇ ಕರ್ನೆಲ್ ಪ್ರತಿ ಸೆಕೆಂಡಿನಲ್ಲಿ 950 ಮಿಲಿಸೆಕೆಂಡ್ ಮಾತ್ರ ಇವಕ್ಕೆ ಬಿಟ್ಟು, 50 ಅನ್ನು ಬಡಪಾಯಿಗಳಿಗೆ ಉಳಿಸುತ್ತದೆ. 2005ರಲ್ಲಿ 2.6.12 ಕರ್ನೆಲ್ ಬರುವವರೆಗೆ ಆರ್‌ಟಿಪ್ರಿಯೋ ಎಂಬ ಮಿತಿಯೇ ಇರಲಿಲ್ಲ. ರೂಟ್ ಆಗಿಯೇ ನುಡಿಸಬೇಕಿತ್ತು, ಇಲ್ಲವೇ ಬೇರೆ ಮಾಡ್ಯೂಲ್ ಸೇರಿಸಬೇಕಿತ್ತು.

@ಆಡಿಯೋ - ಮೆಮ್‌ಲಾಕ್ ಅನ್‌ಲಿಮಿಟೆಡ್

ಮೆಮ್‌ಲಾಕ್ ಎಂದರೆ ನೆನಪಿಗೆ ಬೀಗ: ಈ ಪುಟಗಳನ್ನು ಡಿಸ್ಕಿಗೆ ತಳ್ಳಕೂಡದು. ತಳ್ಳಿದ ಪುಟ ಹಳೆಯ ಬಗೆಯ ಹಾರ್ಡ್‌ಡಿಸ್ಕಿನಿಂದ ಮರಳಲು ಹತ್ತು ಮಿಲಿಸೆಕೆಂಡ್ ಹಿಡಿಯಬಹುದು; ಅಷ್ಟರಲ್ಲಿ ಮೂರು ಬಫರ್ ಬರಿದು. ಸರದಿಯಲ್ಲಿ ಮೊದಲು ನಿಂತರೂ ಸಾಮಾನು ಉಗ್ರಾಣದಲ್ಲಿದ್ದರೆ ಏನು ಬಂತು? ಹಾಗಾಗಿ ಮೊದಲ ಸಾಲಿಗೆ ಈ ಸಾಲು ಬೇಕೇಬೇಕು. ನನ್ನ ತಕರಾರು ‘ಅನ್‌ಲಿಮಿಟೆಡ್’ ಎಂಬ ಪದದ ಬಗ್ಗೆ. ಗುಂಪಿನ ಯಾರೇ ಆಗಲಿ ಇಡೀ ರ್‍ಯಾಮಿಗೆ ಬೀಗ ಜಡಿಯಬಹುದು. ಒಬ್ಬರೇ ಬಳಸುವ ಲ್ಯಾಪ್‌ಟಾಪಿನಲ್ಲಿ ಚಿಂತೆಯಿಲ್ಲ, ಹತ್ತು ಜನ ಕೂರುವ ಲ್ಯಾಬಿನಲ್ಲಿ ಇದೆ. ಪೈಪ್‌ವೈರ್ ಎಂಬ ಇನ್ನೊಂದು ಧ್ವನಿ ಸರ್ವರ್‌ನವರು ತಮ್ಮ ಕಡತದಲ್ಲಿ 4194304 ಎಂದು ಬರೆದಿದ್ದಾರೆ. ಲೆಕ್ಕ ಕಿಲೋಬೈಟಿನಲ್ಲಿ, ಅಂದರೆ 4 ಜಿಬಿ. ನನಗೆ ಅದೇ ಮೆಚ್ಚುಗೆ.

#@ಆಡಿಯೋ - ನೈಸ್ -19

ಮುಂದೆ ‘#’ ಇರುವುದರಿಂದ ಇದು ಮಲಗಿರುವ ಸಾಲು. ನೈಸ್ ಎಂದರೆ ಸೌಜನ್ಯ. ಅಂಕಿ ಇಳಿದಷ್ಟೂ ಸೌಜನ್ಯ ಕಡಿಮೆ, -20 ತಳ. ಇದು ಸಾಮಾನ್ಯ ಸರದಿಯೊಳಗಿನ ತಳ್ಳಾಟ ಮಾತ್ರ, ರಿಯಲ್‌ಟೈಮ್ ಕೆಲಸಕ್ಕೆ ಇದರ ಹಂಗಿಲ್ಲ. ಮಲಗಿರಲಿ.

ನೀವು ಆಡಿಯೋ ಗುಂಪಿನಲ್ಲಿ ಇಲ್ಲದಿದ್ದರೆ ಮೂರೂ ಸಾಲು ವ್ಯರ್ಥ. ಸೇರಿಸುವ ಆಜ್ಞೆ ‘ಯೂಸರ್‌ಮಾಡ್ -ಎಜಿ ಆಡಿಯೋ’, ಕೊನೆಗೆ ನಿಮ್ಮ ಹೆಸರು. ಆ ಸಣ್ಣ ‘ಎ’ ಕಡೆ ಕಣ್ಣಿರಲಿ. ಅದನ್ನು ಬಿಟ್ಟರೆ ಆಡಿಯೋಗೆ ಸೇರಿಸಿ, ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಹಾಕುತ್ತದೆ. ನಾನು ಹಾಗೆ ಮಾಡಿ ಸೂಡೋ ಕಳೆದುಕೊಂಡು, ನನ್ನದೇ ಯಂತ್ರಕ್ಕೆ ರಿಕವರಿ ಮೋಡಿನ ಹಿತ್ತಲ ಬಾಗಿಲಿನಿಂದ ನುಗ್ಗಿದ್ದೇನೆ.

ಆದರೆ ಆ ಗುಂಪೇ ಸರಿಯಾದ ಆಯ್ಕೆಯಲ್ಲ ಎಂಬ ವಾದವೂ ಇದೆ, ಅದರಲ್ಲಿ ಹುರುಳಿದೆ. ಆಡಿಯೋ ಗುಂಪಿನ ಮೂಲ ಕೆಲಸ ಧ್ವನಿ ಸಾಧನಗಳ ಬಾಗಿಲು ತೆರೆಯುವುದು. ಈಗ ಪರದೆಯ ಮುಂದೆ ಕೂತವರಿಗೆ ಲಾಗಿನ್ ವ್ಯವಸ್ಥೆಯೇ ಆ ಅನುಮತಿ ಕೊಡುತ್ತದೆ. ಗುಂಪಿಗೆ ಸೇರಿದವರಾದರೋ ಎಲ್ಲೋ ದೂರದಿಂದ ಎಸ್‌ಎಸ್‌ಎಚ್ ಮೂಲಕ ಬಂದೂ ನಿಮ್ಮ ಮೈಕ್ ತೆರೆಯಬಲ್ಲರು. ಸಮಯದ ಹಕ್ಕು ಕೊಡಲು ಹೋಗಿ ಕಿವಿಯ ಹಕ್ಕನ್ನೂ ಕೊಟ್ಟಂತೆ. ಆರ್ಚ್ ಲಿನಕ್ಸ್ ಇವೆರಡನ್ನೂ ಬಿಡಿಸಿ, ರಿಯಲ್‌ಟೈಮ್ ಎಂಬ ಬೇರೆ ಗುಂಪನ್ನೇ ಇಟ್ಟಿದೆ.

ಬದಲಾವಣೆ ಆದಮೇಲೆ ಲಾಗ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಲಾಗಿನ್ ನೋಡಿಕೊಳ್ಳುವ ಪ್ಯಾಮ್ ಎಂಬ ವ್ಯವಸ್ಥೆ ಈ ಕಡತವನ್ನು ಓದುವುದು ಲಾಗಿನ್ ಹೊತ್ತಿನಲ್ಲಿ ಮಾತ್ರ. ಟರ್ಮಿನಲ್‌ನಲ್ಲಿ ‘ಯೂಲಿಮಿಟ್ -ಆರ್’ ಎಂದು ಕೇಳಿ. 95 ಎಂದರೆ ಸಾಲು ತಲುಪಿದೆ. 0 ಎಂದರೆ ಗುಂಪಿನ ಹೆಸರನ್ನೂ ‘@’ ಅನ್ನೂ ಇನ್ನೊಮ್ಮೆ ನೋಡಿ.